ಮನೆಯವರು ನಿಲ್ಲಿಸಿದ ಕಲ್ಲು

ಬಳ್ಳಿಗಾವಿಗೆ ಬಂದವರು ಮೊದಲು ನೋಡುವುದು ಕೇದಾರೇಶ್ವರನ ಮೂರು ಗರ್ಭಗುಡಿಗಳನ್ನು. ಆಮೇಲೆ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ, ತ್ರಿಪುರಾಂತಕನ ಗುಡಿ, ಅಲ್ಲಮನ ಊರಿಗೆ ಬಂದೆವೆಂಬ ಒಂದು ಸಂತೋಷ. ಅಷ್ಟಕ್ಕೆ ಹೊತ್ತು ಮುಗಿಯುತ್ತದೆ. ಸುತ್ತ ನಿಂತಿರುವ ವೀರಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ನನ್ನನ್ನು ಕೇಳಿದರೆ ಶಿಕಾರಿಪುರ, ಸೊರಬ ಸೀಮೆಯ ದೊಡ್ಡ ಆಸ್ತಿ ಈ ಕಲ್ಲುಗಳೇ. ಗುಡಿ ಕಟ್ಟಿಸಿದವರು ಅರಸರು, ದಂಡನಾಯಕರು. ಈ ಕಲ್ಲುಗಳಲ್ಲಿ ಎಷ್ಟನ್ನೋ ನಿಲ್ಲಿಸಿದವರು ಸತ್ತವನ ಹೆಂಡತಿ, ಮಗ, ಇಲ್ಲವೇ ಒಡಹುಟ್ಟಿದವನು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು ಹಿಡಿದವರು, ಕುದುರೆ ಏರಿದವರು, ಎಷ್ಟೋ ಕಡೆ ಹಿಂದೊಂದು ದನದ ಹಿಂಡು. ನಡುವಿನ ಪಟ್ಟಿಕೆಯಲ್ಲಿ ಅದೇ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಕೈಲಾಸ: ಲಿಂಗ, ನಂದಿ, ಪೂಜೆಯ ಯತಿ, ಕೈಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಬರಹವಿದ್ದರೆ ಅದು ಪಟ್ಟಿಕೆಗಳ ನಡುವಿನ ಅಡ್ಡಸಾಲಿನಲ್ಲಿ. ಆಳುವ ಅರಸನ ಬಿರುದುಗಳೇ ಅರ್ಧ ಜಾಗ ತಿಂದುಬಿಡುತ್ತವೆ, ಸತ್ತವನ ಪಾಲಿಗೆ ಉಳಿಯುವುದು ಒಂದೆರಡು ಸಾಲು. ಆದರೂ ಆ ಒಂದೆರಡು ಸಾಲಿನಲ್ಲೇ ಅವನ ಹೆಸರು, ಊರು, ಯಾವ ಕಾರಣಕ್ಕೆ ಕಾದಿದ, ಕಲ್ಲು ನಿಲ್ಲಿಸಿದವರು ಯಾರು ಎಂಬುದು ಸಿಗುವುದುಂಟು. ಅಕ್ಷರವೇ ಇಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಬರೆಸುವ ಶಕ್ತಿ ಎಲ್ಲ ಮನೆಗೂ ಇರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಕಾರಣಗಳೂ ದೊಡ್ಡ ಸಾಮ್ರಾಜ್ಯದವಲ್ಲ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು; ಹಾಗೆ ಹೋದವರ ಬೆನ್ನಟ್ಟಿ ಕಾದಿದ್ದು ಒಂದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನಕ್ಕಾಗಿ ಕಾದಿದ್ದು. ಊರಳಿವು, ಗಡಿಜಗಳ ಬೇರೆ. ಬನವಾಸಿ ಹನ್ನೆರಡು ಸಾಸಿರವೆಂಬ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವಿಯ ಸುತ್ತಿನ ನೆಲ ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರ ಕೈಯಿಂದ ಕೈಗೆ ಹೋಯಿತು. ಹಾಗೆ ಕೈ ಬದಲಾದಾಗಲೆಲ್ಲ ಇಲ್ಲಿನ ಹಳ್ಳಿಗಳಲ್ಲಿ ಕಲ್ಲುಗಳು ಎದ್ದಿವೆ. ಬಿ. ಎಲ್. ರೈಸ್ 1902ರಲ್ಲಿ ಶಿಕಾರಿಪುರದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ, 1904ರಲ್ಲಿ ಸೊರಬದವನ್ನು 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಸೊರಬದ ಭಾಗ ತಿರುವಿದರೆ ಪುಟಪುಟಕ್ಕೂ ಇಂಥ ಸಾವುಗಳು.

ಕಲ್ಲಿನ ಜೊತೆಗೆ ಭೂಮಿಯೂ ಬರುತ್ತಿತ್ತು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂದು ಶಾಸನಗಳು ಕರೆಯುವ ಈ ದತ್ತಿಗಳಿಂದ ಮಡಿದವನ ಮನೆಯವರು ಬದುಕಬೇಕು. ಇಂದಿನ ಕುಟುಂಬ ಪಿಂಚಣಿಯ ಹಳೆಯ ರೂಪ ಇದು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪ ಬರೆಸುತ್ತಿದ್ದುದೂ ಸುಮ್ಮನೆ ಅಲ್ಲ. ಹಾಗಾಗಿ ಕಲ್ಲು ಬರಿಯ ಗೌರವವಲ್ಲ, ಗದ್ದೆಯ ಹಕ್ಕುಪತ್ರವೂ ಹೌದು.

ಇದನ್ನೆಲ್ಲ ಕಡೆದವರು ಈ ಸೀಮೆಯ ರೂವಾರಿಗಳು. ಅವರ ಕೈ ಎಂಥದ್ದು ಎಂಬುದಕ್ಕೆ ಬೇಲೂರೇ ಸಾಕ್ಷಿ. 1117ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಚೆನ್ನಕೇಶವನ ಗುಡಿಯ ಮದನಿಕೆಗಳಲ್ಲಿ ಕೆಲವುಗಳ ಕೆಳಗೆ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಇನ್ನು ಕೆಲವುಗಳ ಕೆಳಗೆ ಅವನ ಮಗ ಚಾವಣನದು. ಇಲ್ಲಿಯ ವೀರಗಲ್ಲು ಕಡೆದವನು ಮಾತ್ರ ಹೆಚ್ಚಾಗಿ ತನ್ನ ಹೆಸರು ಬರೆದುಕೊಳ್ಳಲಿಲ್ಲ.

ಬಳ್ಳಿಗಾವಿಯಿಂದ ಕೆಲವೇ ಕಿಲೋಮೀಟರ್ ದೂರದ ತಾಳಗುಂದ ಕದಂಬರ ಮೂಲದ ಊರು. ಮಯೂರಶರ್ಮ ವೇದ ಬಿಟ್ಟು ಕತ್ತಿ ಹಿಡಿದ ಕತೆಯನ್ನು ಅಲ್ಲಿನ ಕಂಬದ ಶಾಸನ ಹೇಳುತ್ತದೆ. ಕವಿ ಕುಬ್ಜ ಅದನ್ನು ರಚಿಸಿದ್ದು ಶಾಂತಿವರ್ಮನ ಕಾಲದಲ್ಲಿ. ಹೊಗಳಿಕೆ ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಪ್ರಣವೇಶ್ವರನ ಗುಡಿಯ ಬಳಿ ಕಟ್ಟಿಸಿದ ಕೆರೆಗೆ. ಅರಸರ ಮನೆಯಲ್ಲೂ ಅಪ್ಪನ ಕೆಲಸ ಕಲ್ಲಿಗೇರಲು ಮಗನ ಕಾಲ ಬರಬೇಕಾಯಿತು.

ಕದಂಬರ ಹೆಸರಿನ ಒಂದು ಕವಲು ಗೋವೆಯಲ್ಲಿ ಕಡಲಿಗಿಳಿಯಿತು. ಗೋವಾ ಕದಂಬರ ಕಾಲದ, ಹಡಗಿನ ಕಾಳಗ ಕೆತ್ತಿದ ವೀರಗಲ್ಲು ಹಳೇ ಗೋವಾದ ವಸ್ತುಸಂಗ್ರಹಾಲಯದಲ್ಲಿದೆ. ಮುಂಬೈಯ ಬೋರಿವಲಿ ಹತ್ತಿರದ ಏಕ್ಸರ್‌ನ ಕಲ್ಲುಗಳಲ್ಲೂ ಸಾಲು ಹುಟ್ಟು ಹಾಕುತ್ತಿರುವ ಹಡಗುಗಳು. ನಮ್ಮ ಕಲ್ಲುಗಳಲ್ಲಿ ದನವಿರುವ ಜಾಗದಲ್ಲಿ ಅಲ್ಲಿ ದೋಣಿ; ಮೇಲಿನ ಕೈಲಾಸ ಬದಲಾಗಿಲ್ಲ. 2005ರ ಮೇ 31ರಂದು ಕಾರವಾರದಲ್ಲಿ ನೌಕಾನೆಲೆ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ಐಎನ್‌ಎಸ್ ಕದಂಬ.

ಕಡಲಲ್ಲಿ ಮಡಿದವನಿಗೆ ಇಂದೂ ಸ್ಮಾರಕ ಏಳುತ್ತದೆ. 1971ರ ಡಿಸೆಂಬರ್ 9ರಂದು ದಿಯು ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿಯ ಏಟಿಗೆ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳೂ 176 ನಾವಿಕರೂ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ. ದಿಯು ದಡದಲ್ಲಿ ಕಡಲಿಗೆದುರಾಗಿ ಗಾಜಿನ ಮನೆಯೊಳಗೆ ಆ ಹಡಗಿನ ಮಾದರಿ ಇಟ್ಟಿದ್ದಾರೆ.

ಹಾಗಾದರೆ ಕಡಲಿನ ಕೆಲಸ ಮುಗಿಸಿ, ಪಿಂಚಣಿ ಪಡೆದು, ಊರಿಗೆ ಬಂದು, ಮಕ್ಕಳನ್ನು ಓದಿಸಿ, ಅಡಿಕೆ ತೋಟ ನೋಡಿಕೊಂಡು ಹಾಸಿಗೆಯ ಮೇಲೆ ತೀರಿಕೊಂಡವನಿಗೆ? ವೀರಗಲ್ಲಿನ ಕಟ್ಟಳೆಯಲ್ಲಿ ಅವನಿಗೆ ಜಾಗವಿಲ್ಲ. ಅದು ಕಾದಿ ಸತ್ತವನಿಗೆ ಮೀಸಲು. ಈ ಕೊರತೆಯನ್ನು ಸೊರಬದ ಹಿರೇಆವಲಿ ಸ್ವಲ್ಪ ತುಂಬಿಕೊಡುತ್ತದೆ. ಅಲ್ಲಿ ಸಾಲಾಗಿ ನಿಂತಿರುವುದು ಜೈನರ ನಿಷಿಧಿಗಳು. ಕಾಳಗದಲ್ಲಲ್ಲ, ವ್ರತ ಹಿಡಿದು ಮುಡಿಪಿದವರ ನೆನಪು. ಊರಿನ ಪ್ರಭುಗಳು, ಅವರ ಹೆಂಡಿರು, ಮಕ್ಕಳು, ಸೊಸೆಯರು ಒಂದೊಂದು ಕಲ್ಲಿನಲ್ಲಿ ಇದ್ದಾರೆ. ಸಂಸಾರವನ್ನು ಚೆನ್ನಾಗಿ ಮಾಡಿ ಮುಗಿಸಿದವರನ್ನೂ ನೆನೆಯಬೇಕು ಎಂದುಕೊಂಡ ಊರು ಅದು. ವೀರಗಲ್ಲುಗಳ ಬಗ್ಗೆ ಎಷ್ಟೋ ಬರೆದ ನಾವು ಈ ಊರಿನ ಬಗ್ಗೆ ಬರೆದದ್ದು ಸಾಲದು.

ಹೆಚ್ಚಿನ ಓದು ಬೇಕಾದವರು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಹಿಡಿಯಬಹುದು. ಕಲ್ಲುಗಳನ್ನೇ ನೋಡಬೇಕೆಂದರೆ ಬಳ್ಳಿಗಾವಿಯಲ್ಲದೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವಿದೆ.

ಆದರೆ ಹೆಚ್ಚಿನ ಕಲ್ಲುಗಳು ಇನ್ನೂ ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ, ಕಾನಿನೊಳಗೆ ಇವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವನ್ನು ನಿಧಿಯ ಆಸೆಗೆ ಬುಡ ಅಗೆದು ಕೆಡವಿದ್ದಾರೆ, ಇನ್ನು ಕೆಲವಕ್ಕೆ ಭಕ್ತಿಯಿಂದಲೇ ಎಣ್ಣೆ ಬಣ್ಣ ಬಳಿದು ಅಕ್ಷರ ಮುಚ್ಚಿದ್ದಾರೆ. ನಿಮ್ಮೂರಿನಲ್ಲಿ ಅಂಥದೊಂದು ಇದ್ದರೆ ಅಲುಗಿಸದೆ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ನಿಮ್ಮ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಅಪ್ಪನೋ ಅಜ್ಜನೋ ಇದ್ದರೆ, ಅವರು ಸೇರಿದ ವರ್ಷ, ಕೆಲಸ ಮಾಡಿದ ಹಡಗುಗಳ ಹೆಸರು, ಬಿಟ್ಟು ಬಂದ ವರ್ಷ ಇಷ್ಟನ್ನಾದರೂ ಅವರನ್ನೇ ಕೇಳಿ, ಈಗಲೇ ಬರೆದಿಡಿ.