ಶೀತಲ ಟ್ರೇಲರ್: ವರ್ಷವಿಡೀ ಆರೈಕೆ ಏಕೆ?

ಹುಕ್ಕೇರಿ ತಾಲ್ಲೂಕಿನ ಕಣಗಲಾ, ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಊರು. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿದ್ದ ಈ ರಸ್ತೆ ಈಗ ದೆಹಲಿ-ಚೆನ್ನೈ ನಡುವಿನ ರಾಷ್ಟ್ರೀಯ ಹೆದ್ದಾರಿ 48ರ ಭಾಗ. ಇಂಥ ಹೆದ್ದಾರಿಗಳಲ್ಲಿ, ಮುಂಗೋಡೆಗೆ ಯಂತ್ರ ಜೋಡಿಸಿದ, ಕಿಟಕಿಯಿಲ್ಲದ ಬಿಳಿ ಪೆಟ್ಟಿಗೆಯಂಥ ವಾಹನಗಳನ್ನು ನೀವು ಗಮನಿಸಿರಬಹುದು. ಇವೇ ಶೀತಲ ಟ್ರೇಲರ್‌ಗಳು. ಹೆಪ್ಪುಗಟ್ಟಿಸಿದ ಆಹಾರಕ್ಕೆ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆ., ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆ. ಉಷ್ಣತೆ ಬೇಕು.

ಯಂತ್ರದ ಕೆಲಸ, ಒಳಗೆ ನುಸುಳಿದ ಶಾಖವನ್ನು ಹೊರಕ್ಕೆ ಸಾಗಿಸುವುದು. ಎಷ್ಟು ಶಾಖ ನುಸುಳುತ್ತದೆ? ಹೊರಮೈ ವಿಸ್ತೀರ್ಣ, ಒಳ-ಹೊರಗಿನ ಉಷ್ಣತೆಯ ವ್ಯತ್ಯಾಸ ಮತ್ತು ಗೋಡೆಯ ಶಾಖ ರವಾನೆಯ ಗುಣಾಂಕ, ಈ ಮೂರನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ. 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಮತ್ತು ಎತ್ತರದ ಪೆಟ್ಟಿಗೆಯ ಮೈ ಸುಮಾರು 132 ಚದರ ಮೀಟರ್. ಉತ್ತಮ ಗೋಡೆಯ ಗುಣಾಂಕ 0.4. ಹೊರಗೆ 38, ಒಳಗೆ ಮೈನಸ್ 18 ಡಿಗ್ರಿ ಇದ್ದರೆ ವ್ಯತ್ಯಾಸ 56. ನುಸುಳುವ ಶಾಖ ಸುಮಾರು 3,000 ವಾಟ್. ಗೋಡೆ ಹದಗೆಟ್ಟು ಗುಣಾಂಕ 0.7 ಆದರೆ ಅದು 5,200 ವಾಟ್ ಆಗುತ್ತದೆ!

ಗೋಡೆ ಹದಗೆಡುವುದು ಹೇಗೆ? ಅದರೊಳಗಿರುವುದು ಪಾಲಿಯುರಿಥೇನ್ ನೊರೆ. ನೀರಿನ ಉಷ್ಣ ವಾಹಕತೆ ಈ ನೊರೆಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಮಳೆಗಾಲದಲ್ಲಿ ಹೊರಹೊದಿಕೆಯ ಸಣ್ಣ ತೂತಿನಿಂದ ಇಳಿದ ನೀರು ನೊರೆಯಲ್ಲೇ ಉಳಿಯುತ್ತದೆ. ಅದರ ಪರಿಣಾಮ ಎದ್ದು ಕಾಣುವುದು ಮುಂದಿನ ಬೇಸಗೆಯಲ್ಲಿ. ಆದ್ದರಿಂದ ತೂತು, ಬಿರುಕುಗಳನ್ನು ಮಳೆಗೆ ಮೊದಲೇ ಮುಚ್ಚಬೇಕು. ಬಾಗಿಲು ತೆರೆದಾಗ ನುಗ್ಗುವ ತೇವದ ಗಾಳಿ ಒಳಗಿನ ತಂಪು ಸುರುಳಿಯ ಮೇಲೆ ಮಂಜಾಗಿ ಕಟ್ಟಿ, ಗಾಳಿಯ ಹರಿವನ್ನು ತಡೆಯುತ್ತದೆ. ಮಂಜು ಕರಗಿಸುವ ವ್ಯವಸ್ಥೆ, ನೀರು ಹೊರಹೋಗುವ ಕೊಳವೆಗಳನ್ನು ಮಳೆಗಾಲದಲ್ಲಿ ಆಗಾಗ ಪರೀಕ್ಷಿಸಬೇಕು.

ಚಳಿಗಾಲ ಈ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು. ರಸ್ತೆಯ ಧೂಳು, ರವದಿಯ ಚೂರುಗಳು ಯಂತ್ರದ ಹೊರಸುರುಳಿಯ ತೆಳು ರೆಕ್ಕೆಗಳ ನಡುವೆ ಸಿಲುಕಬಹುದು. ತಂಪು ದಿನಗಳಲ್ಲಿ ಯಂತ್ರ ಹೇಗೋ ನಿಭಾಯಿಸುತ್ತದೆ; ಏಪ್ರಿಲ್‌ನಲ್ಲಿ ಸೋಲುತ್ತದೆ. ಬೇಸಗೆಗೆ ಮೊದಲು ಸುರುಳಿಯನ್ನು ಮೆಲ್ಲಗೆ ತೊಳೆದು, ಬೆಲ್ಟ್, ಎಂಜಿನ್ನಿನ ತಂಪುದ್ರವ, ಶೈತ್ಯಕಾರಕದ ಸೋರಿಕೆಗಳನ್ನು ನೋಡಬೇಕು.

ಚಳಿಗಾಲದಲ್ಲಿ ಇನ್ನೊಂದು ಅಪಾಯವಿದೆ. ಹೆಪಟೈಟಿಸ್-ಬಿ, ಡಿಪಿಟಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಶಕ್ತಿ ಕಳೆದುಕೊಳ್ಳುತ್ತವೆ. ಕರಗಿಸಿದರೂ ಅದು ಮರಳುವುದಿಲ್ಲ. ಉಷ್ಣತಾಮಾಪಕ 3 ಡಿಗ್ರಿ ತಪ್ಪು ತೋರಿಸಿದರೆ ಸಾಕು, ಮಕ್ಕಳಿಗೆ ಫಲವಿಲ್ಲದ ಲಸಿಕೆ ತಲಪಬಹುದು. ಹಾಗಾಗಿ ಮಾಪಕವನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು 0 ಡಿಗ್ರಿ ತೋರಿಸುವುದೇ ಎಂದು ನೋಡಬೇಕು.

ಈ ಪರೀಕ್ಷೆಯನ್ನು ಶಾಲೆಯಲ್ಲೂ ಮಾಡಬಹುದು. ಮತ್ತೊಂದು ಪ್ರಯೋಗ: ಫ್ರಿಜ್ ಬಾಗಿಲಿನ ರಬ್ಬರ್ ಅಂಚಿನಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಶಾಖಕ್ಕೆ ದಾರಿ ಇದೆ ಎಂದರ್ಥ. ಟ್ರೇಲರಿನ ಬಾಗಿಲಿಗೂ ಇದೇ ಪರೀಕ್ಷೆ ಸಲ್ಲುತ್ತದೆ.