ಮುಖದ ಗುಳ್ಳೆಗೆ ಹೆದರಿ ಮಾತ್ರೆ ಬಿಡಬೇಡಿ

ಕ್ಯಾನ್ಸರ್ ಚಿಕಿತ್ಸೆ ಎಂದರೆ ತಲೆಗೂದಲು ಉದುರುವುದು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಆದರೆ ಕ್ಯಾನ್ಸರ್ ಕಣಗಳನ್ನೇ ಗುರಿಯಾಗಿಸುವ ಟಾರ್ಗೆಟೆಡ್ ಥೆರಪಿಯ ತೊಂದರೆಗಳು ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಂದಲೋ ಬೆಂಗಳೂರಿನ ಕಿದ್ವಾಯಿಯಿಂದಲೋ ಮಾತ್ರೆ ತಂದು ಮನೆಯಲ್ಲೇ ಸೇವಿಸುತ್ತಾರೆ. ಹಾಗಾಗಿ ಈ ತೊಂದರೆ ಮೊದಲು ಕಣ್ಣಿಗೆ ಬೀಳುವುದು ಮನೆಯ ಹೆಂಗಸರಿಗೆ.

ಹೀಗೇಕಾಗುತ್ತದೆ?

ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಜೆಫಿಟಿನಿಬ್, ಎರ್ಲೊಟಿನಿಬ್‌ನಂತಹ ಮಾತ್ರೆ ಕೊಡುತ್ತಾರೆ. ಧೂಮಪಾನವನ್ನೇ ಅರಿಯದ ಮಹಿಳೆಯರಿಗೂ ಈ ಕ್ಯಾನ್ಸರ್ ಬರುವುದುಂಟು. ಕಣಗಳಿಗೆ 'ಬೆಳೆ' ಎಂದು ಸೂಚಿಸುವ ಇಜಿಎಫ್‌ಆರ್ ಎಂಬ ಪ್ರೋಟೀನನ್ನು ಈ ಮಾತ್ರೆ ತಡೆಯುತ್ತದೆ. ಅದೇ ಪ್ರೋಟೀನು ಚರ್ಮ, ಕೂದಲು, ಉಗುರುಗಳಿಗೂ ಬೇಕು. ಆದ್ದರಿಂದ ಮೊದಲ ಒಂದೆರಡು ವಾರಗಳಲ್ಲೇ ಮುಖ, ಎದೆ, ಬೆನ್ನಿನಲ್ಲಿ ಮೊಡವೆಯಂತಹ ಗುಳ್ಳೆ ಏಳಬಹುದು. ಮುಂದೆ ಚರ್ಮ ಒಣಗಿ ತುರಿಸಬಹುದು; ಉಗುರುಸುತ್ತು ಆಗಬಹುದು; ಬೆರಳ ತುದಿ ಬಿರಿಯಬಹುದು. ಕೂದಲು ಗುಂಗುರಾಗುವುದು, ರೆಪ್ಪೆಗೂದಲು ಉದ್ದವಾಗುವುದು, ಹೆಂಗಸರ ಮುಖದಲ್ಲಿ ರೋಮ ಬೆಳೆಯುವುದೂ ಉಂಟು. ಮೂತ್ರಪಿಂಡದ ಕ್ಯಾನ್ಸರ್‌ಗೆ ಕೊಡುವ ಸುನಿಟಿನಿಬ್‌ನಿಂದ ಕೂದಲು ಬೆಳ್ಳಗಾಗಬಹುದು.

ಇದು ಅಂಟುರೋಗವಲ್ಲ. ರೋಗಿಯ ತಟ್ಟೆ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. 'ನಂಜು' ಎಂದು ಮೀನು, ಮೊಟ್ಟೆ ಬಿಡಿಸಿದರೆ ಮೊದಲೇ ಬಳಲಿದ ದೇಹ ಮತ್ತಷ್ಟು ಸೊರಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಸೌಮ್ಯವಾದ ಸೋಪು, ಉಗುರುಬೆಚ್ಚಗಿನ ನೀರು ಬಳಸಿ. ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನು ದಿನಕ್ಕೆರಡು ಬಾರಿ ಹಚ್ಚಿ. ಬಿಸಿಲಿಗೆ ಕೊಡೆ ಹಿಡಿಯಿರಿ. ಅಂಗಡಿಯ ಮೊಡವೆ ಕ್ರೀಮ್ ಬೇಡ. ಅದು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಬೇಗ ಕಪ್ಪಾಗುವ 'ಕಪ್ಪು ಮೆಹಂದಿ'ಯ ರಾಸಾಯನಿಕವೂ ಅಪಾಯಕಾರಿ. ರೆಪ್ಪೆಗೂದಲು ಕಣ್ಣಿಗೆ ಚುಚ್ಚಿದರೆ ಕೀಳಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಬೀಡಿ ಕಟ್ಟುವ ಸಹೋದರಿಯರ ಬೆರಳು ಬಿರಿದಿದ್ದರೆ, ಎಲೆ ಕತ್ತರಿಸುವ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳಲಿ. ವುಝೂ ಮಾಡಿದ ಬಳಿಕ ಕೈಕಾಲನ್ನು ಮೆಲ್ಲನೆ ಒತ್ತಿ ಒರೆಸಿ ಕ್ರೀಮ್ ಹಚ್ಚಲಿ. ನೀರಿನಿಂದ ಹಾನಿಯಾಗುವುದೆಂದು ವೈದ್ಯರು ಹೇಳಿದರೆ ರೋಗಿಗೆ ತಯಮ್ಮುಮ್‌ನ ರಿಯಾಯಿತಿ ಇದ್ದೇ ಇದೆ.

ಗುಳ್ಳೆಯಲ್ಲಿ ಕೀವು, ಜ್ವರ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣು, ಚರ್ಮ ಸುಲಿಯುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಮುಖ ಕೆಟ್ಟಿತೆಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರೆ, ಹಿಡಿತದಲ್ಲಿದ್ದ ಕ್ಯಾನ್ಸರ್ ಮತ್ತೆ ಬೆಳೆಯಬಹುದು. ಗುಳ್ಳೆಗೆ ಔಷಧವಿದೆ. ಅಗತ್ಯವಾದರೆ ವೈದ್ಯರೇ ಮಾತ್ರೆಯ ಪ್ರಮಾಣ ಇಳಿಸುತ್ತಾರೆ, ಕೆಲವು ದಿನ ನಿಲ್ಲಿಸಿ ಮತ್ತೆ ಆರಂಭಿಸುತ್ತಾರೆ. ಮದುವೆ ಮನೆಯಲ್ಲಿ "ಮುಖಕ್ಕೇನಾಯಿತು?" ಎಂದು ಕೇಳುವ ಬದಲು, "ಮದ್ದು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ?" ಎಂದು ಕೇಳೋಣ.