ಮೀಸಲು ಶೀತಯಂತ್ರಗಳ ಶೀತಕಗಣನೆ

ದೊಡ್ಡ ಕಟ್ಟಡಗಳನ್ನು ತಂಪಾಗಿರಿಸುವ ಯಂತ್ರಗಳಲ್ಲಿ ಉಷ್ಣವನ್ನು ಹೀರಿ ಹೊರಕ್ಕೆ ಸಾಗಿಸುವ ದ್ರವ್ಯಕ್ಕೆ ರೆಫ್ರಿಜರೆಂಟ್ ಎಂದು ಹೆಸರು, ಕನ್ನಡದಲ್ಲಿ ಶೀತಕವೆನ್ನಬಹುದು. ಅನರ್ಥವೆಲ್ಲವೂ ಇದು ಸೋರಿ ವಾಯುಮಂಡಲವನ್ನು ಸೇರುವುದರಲ್ಲಿದೆ. ಓಜೋನ್ ಪದರವನ್ನು ಕೆಡಿಸುವ ಕ್ಲೋರೋಫ್ಲೂರೋಕಾರ್ಬನ್ನುಗಳನ್ನು 1987ರ ಮಾಂಟ್ರಿಯಲ್ ಒಡಂಬಡಿಕೆಯು ನಿಯಂತ್ರಿಸಿತು. ಅವುಗಳ ಸ್ಥಾನಕ್ಕೆ ಬಂದ ಹೈಡ್ರೋಫ್ಲೂರೋಕಾರ್ಬನ್ನುಗಳು ಭೂಮಿಯ ತಾಪವನ್ನು ಹೆಚ್ಚಿಸುವುವಾದುದರಿಂದ 2016ರ ಕಿಗಾಲಿ ತಿದ್ದುಪಡಿಯು ಅವುಗಳಿಗೂ ಮಿತಿಯನ್ನು ವಿಧಿಸಿತು.

ಅಮೆರಿಕೆಯ ಹಸಿರು ಕಟ್ಟಡ ಮಂಡಲಿಯು ಕೊಡುವ ಲೀಡ್ ಪ್ರಮಾಣಪತ್ರದ ನಾಲ್ಕನೆಯ ಆವೃತ್ತಿಯಲ್ಲಿ (2013) ಈ ವಿಷಯವಾಗಿ ಒಂದು ಗಣಿತಸೂತ್ರವುಂಟು. ಯಂತ್ರದ ಶೀತಕವು ವರ್ಷಕ್ಕೆ ನೂರಕ್ಕೆ 2ರಂತೆ ಸೋರುವುದೆಂದೂ, ಆಯುಸ್ಸಿನ ಕೊನೆಯಲ್ಲಿ ನೂರಕ್ಕೆ 10ರಷ್ಟು ನಷ್ಟವಾಗುವುದೆಂದೂ ಹಿಡಿದು, ಆ ಮೊತ್ತವನ್ನು ಶೀತಕದ ತಾಪನಾಂಕದಿಂದಲೂ ಟನ್ನೊಂದಕ್ಕೆ ಬೀಳುವ ಪೌಂಡುಗಳಿಂದಲೂ ಗುಣಿಸಿ, ಆಯುಸ್ಸಿನ ವರ್ಷಗಳಿಂದ ಭಾಗಿಸತಕ್ಕದ್ದು. ಓಜೋನ್ ಹಾನಿಯ ಅಂಶವನ್ನೂ ಕೂಡಿಸಿದ ಮೇಲೆ ಫಲವು 100ನ್ನು ಮೀರಕೂಡದು. ಇಲ್ಲಿ ಟನ್ನೆಂದರೆ ತೂಕವಲ್ಲ. 2000 ಪೌಂಡು ಮಂಜುಗಡ್ಡೆಯು ಒಂದು ಅಹೋರಾತ್ರದಲ್ಲಿ ಕರಗುವಾಗ ಹೀರುವ ಉಷ್ಣದ ದರ. ಮಂಜುಗಡ್ಡೆಯ ವ್ಯಾಪಾರವು ಅಳಿದರೂ ಅದರ ಮಾತು ಉಳಿದಿದೆ.

ಈಗ ಪ್ರಶ್ನೆ: ಎರಡು ಯಂತ್ರಗಳು ಸಾಕಾಗುವಲ್ಲಿ, ಒಂದು ಕೆಟ್ಟರೆ ಇರಲೆಂದು ಮೂರನೆಯದನ್ನು ನಿಲ್ಲಿಸಿದ್ದರೆ ಅದನ್ನು ಎಣಿಸಬೇಕೆ?

ಓಡದ ಯಂತ್ರವನ್ನು ಎಣಿಸಬೇಕಾಗಿಲ್ಲವೆಂಬುದು ಪೂರ್ವಪಕ್ಷ. ಇದು ನಿಲ್ಲಲಾರದು. ಸೋರಿಕೆಯು ತುಂಬಿದ ಶೀತಕಕ್ಕೆ ಸಂಬಂಧಿಸಿದುದೇ ಹೊರತು ಓಡಿದ ಗಂಟೆಗಳಿಗಲ್ಲ; ಮೋಟಾರು ಹೊರಗಿರುವ ಕೆಲವು ಯಂತ್ರಗಳಲ್ಲಂತೂ ಬಹುಕಾಲ ನಿಂತರೆ ದಂಡದ ಸುತ್ತಣ ಮುದ್ರೆಯು ಎಣ್ಣೆಯಾರಿ ಸೋರತೊಡಗುವುದು. ಅಲ್ಲದೆ, ಅರ್ಧ ಪೌಂಡಿಗಿಂತ ಕಡಿಮೆ ಶೀತಕವುಳ್ಳ ಸಣ್ಣ ಉಪಕರಣಗಳನ್ನು ನಿಯಮವೇ ಬಿಟ್ಟುಕೊಟ್ಟಿದೆ. ಆ ಅಪವಾದಕ್ಕೆ ಪರಿಮಾಣವೇ ಹೇತು, ಉಪಯೋಗವಲ್ಲ. ಆದುದರಿಂದ ಮೀಸಲು ಯಂತ್ರವು ಉತ್ಸರ್ಗವಿಧಿಗೆ ಒಳಪಟ್ಟುದೇ ಸರಿ.

ಆದರೆ ಎಣಿಸುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ. ತಲಾ 500 ಟನ್ನಿನ ಯಂತ್ರಗಳಲ್ಲಿ ಟನ್ನಿಗೆ 2 ಪೌಂಡಿನಂತೆ ಆರ್-134ಎ ಶೀತಕವಿದೆಯೆಂದೂ, ಅದರ ತಾಪನಾಂಕ 1430, ಆಯುಸ್ಸು 10 ವರ್ಷವೆಂದೂ ಹಿಡಿಯೋಣ. ಎರಡು ಯಂತ್ರಗಳಿಗೆ ಫಲವು 85.8. ಮೂರನೆಯದರ ಶೀತಕದೊಡನೆ ಅದರ ಟನ್ನುಗಳನ್ನೂ ಕೂಡಿಸಿದರೆ ಸರಾಸರಿಯು ಅದೇ 85.8, ಸೂತ್ರದ ಅಕ್ಷರಾರ್ಥವು ಸ್ಥಾಪಿತವಾದ ಒಟ್ಟು ಸಾಮರ್ಥ್ಯವನ್ನೇ ಹೇಳುವುದರಿಂದ ಇದು ಶಾಸ್ತ್ರಸಮ್ಮತ. ಶೀತಕವನ್ನು ಎಣಿಸಿ, ಕಟ್ಟಡಕ್ಕೆ ಬೇಕಾದ 1000 ಟನ್ನುಗಳನ್ನು ಮಾತ್ರ ಭಾಜಕವಾಗಿ ಹಿಡಿದರೆ ಫಲವು 128.7, ಮಿತಿಯು ಮೀರಿತು. ಎರಡು ಲೆಕ್ಕಗಳಲ್ಲಿಯೂ ಯಂತ್ರಗಳು ಅವೇ. ವರ್ಷದ ಸೋರಿಕೆಯು ಮಾತ್ರ 40 ಪೌಂಡಿನಿಂದ 60ಕ್ಕೆ ಏರಿರುವುದು. ಹೆಚ್ಚಿದ ಆ 20 ಪೌಂಡು 28,600 ಪೌಂಡು ಇಂಗಾಲಾಮ್ಲಕ್ಕೆ ಸಮಾನ. ಸರಾಸರಿಯನ್ನಳೆಯುವ ಸೂತ್ರಕ್ಕೆ ಇದು ಕಾಣುವಂತಿಲ್ಲ. ಮೀಸಲು ಯಂತ್ರದಲ್ಲಿ ತಾಪನಾಂಕವು ಸೊನ್ನೆಯಾದ ಅಮೋನಿಯವನ್ನು ತುಂಬಿದರೆ ತಾಪನದ ಈ ಹೆಚ್ಚಳವು ತಾನಾಗಿ ಇಲ್ಲವಾಗುವುದು. ಆದರೆ ಅದು ವಿಷವಾಯುವಾದುದರಿಂದ ಜನವಾಸದ ಕಟ್ಟಡಗಳಲ್ಲಿ ಬೇರೆಯೇ ಎಚ್ಚರವು ಬೇಕು.